ಅರಿಷಿಣ ಹಚ್ಚಿದ ಕ್ಯಾಶ್‌ಬ್ಯಾಕ್

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಚಿಟಿಕೆ ಅರಿಷಿಣ. ಅಡಿಗೆಗೆ ಹಾಕಿದ್ದಲ್ಲ, ಗಾಯಕ್ಕೆ ಮೆತ್ತಿದ್ದೂ ಅಲ್ಲ; ಟೀವಿ ಕಂಪನಿಗೆ ಕಳಿಸುವ ಫಾರ್ಮಿನ ನಾಲ್ಕು ಮೂಲೆಗೆ ಕಾಶಿನಾಥರಾಯರು ತಮ್ಮ ಬೆರಳಿನಿಂದಲೇ ಹಚ್ಚಿದ್ದು. ಮೂಲೆಗೆ ಹಚ್ಚಿ ಸುಮ್ಮನಾಗಿದ್ದರೂ ನಡೆಯುತ್ತಿತ್ತು. ಟೀವಿಯ ರಟ್ಟಿನ ಡಬ್ಬದಿಂದ ಕತ್ತರಿಸಿ ಫಾರ್ಮಿನ ನಡುವೆ ಅಂಟಿಸಿದ್ದ ಬಾರ್‌ಕೋಡ್ ಚೀಟಿ ಇತ್ತಲ್ಲ, ಆ ಕಪ್ಪು ಗೆರೆಗಳದ್ದು, 'ಎಲ್ಲಕ್ಕಿಂತ ಮುಖ್ಯ ಇದೇ' ಎಂದು ಅದಕ್ಕೂ ಉದ್ದಕ್ಕೆ ಒಂದು ಎಳೆ ಎಳೆದು, ಮೇಲೊಂದು ಕುಂಕುಮದ ಬೊಟ್ಟಿಟ್ಟರು.

"ಅಲ್ರಿ, ಅದೇನು ಲಗ್ನಪತ್ರಿಕೀನ?" ಎಂದು ಹೆಂಡತಿ ನಲಿನಿ ಅವತ್ತೇ ಕೇಳಿದ್ದಳು.

"ಶುಭದ ಕಾಗದ ಬರೇ ಹಂಗ ಕಳಸಬಾರದು. ನಮ್ಮ ಅಪ್ಪಾರು ವರ್ಗಾವಣಿ ಅರ್ಜಿಗೂ ಹಚ್ಚತಿದ್ರು."

"ಆತೇನು ವರ್ಗಾವಣಿ?"

ಆಗಿರಲಿಲ್ಲ. ಅದನ್ನು ಹೆಂಡತಿಯ ಮುಂದೆ ಒಪ್ಪಿಕೊಳ್ಳುವುದು ಆಗುವ ಮಾತೇ? ಕಾಶಿನಾಥರು ಗಂಟಲು ಸರಿಮಾಡಿಕೊಂಡು ಲಕೋಟೆಗೆ ಗೋಂದು ಹಚ್ಚಿದರು.

ಇವರ ಅಜ್ಜ ನಿಜಾಮರ ಕಾಲದಲ್ಲಿ ಕಲಬುರಗಿಯಿಂದ ಹೈದರಾಬಾದಿಗೆ ನೌಕರಿಗೆ ಬಂದವರು. ಅಲ್ಲಿಂದ ಮನೆತನವೇ ಸರಕಾರಿ. ಕಾಶಿನಾಥರು ಈಗ ಒಂದು ಆಫೀಸಿನಲ್ಲಿ ಸೂಪರಿಂಟೆಂಡೆಂಟು. ಇಪ್ಪತ್ತಾರು ವರ್ಷದಿಂದ ಅವರ ಕೆಲಸವೆಂದರೆ ಜನರ ಅರ್ಜಿಗಳನ್ನು ಮರಳಿ ಕಳಿಸುವುದು. ಇಲ್ಲಿ ಸಹಿ ಇಲ್ಲ, ಅಲ್ಲಿ ಝೆರಾಕ್ಸ್ ಮಸುಕಾಗಿದೆ, ಈ ಫೋಟೋದಲ್ಲಿ ಕಿವಿ ಕಾಣುತ್ತಿಲ್ಲ. ಹಾಗಾಗಿ ಫಾರ್ಮು ತುಂಬುವುದರಲ್ಲಿ ಅವರನ್ನು ಮೀರಿಸಿದವರಿಲ್ಲ ಎಂದು ದಿಲ್‌ಸುಖ್‌ನಗರದ ಅವರ ಅಪಾರ್ಟ್‌ಮೆಂಟಿನ ಜನ ನಂಬಿದ್ದರು. ಜನರಿಗಿಂತ ಮೊದಲು ಅವರೇ ನಂಬಿದ್ದರು.

ಮೂರು ತಿಂಗಳ ಹಿಂದೆ ಹಬ್ಬದ ಆಫರ್ ಬಂತು. ಟೀವಿ ಕೊಳ್ಳಿ, ಫಾರ್ಮು ತುಂಬಿ, ಡಬ್ಬದ ಬಾರ್‌ಕೋಡು ಕತ್ತರಿಸಿ ಅಂಟಿಸಿ, ಬಿಲ್ಲಿನ ಜೊತೆ ಕಂಪನಿಯ ನಾಚಾರಂ ಆಫೀಸಿಗೆ ಪೋಸ್ಟ್ ಮಾಡಿ. ತೊಂಬತ್ತು ದಿನದಲ್ಲಿ ಎರಡೂವರೆ ಸಾವಿರ ವಾಪಸು. ಕಾಶಿನಾಥರು ಒಂದು ಟೀವಿ ಕೊಂಡರು. ಕೊಂಡು ತೆಪ್ಪಗೆ ಕೂತು ನೋಡಬಾರದೆ? ಇಲ್ಲ. ಎರಡನೇ ಮಹಡಿಯ ಅಂಬಾದಾಸರಾಯರಿಗೆ ಕೊಡಿಸಿದರು. ನೆಲಮಹಡಿಯ ಶಿವದೇವಿಯವರಿಗೆ ಕೊಡಿಸಿದರು. ಸಾಲದ್ದಕ್ಕೆ, ಯಾದಗಿರಿ ಕಡೆಯಿಂದ ಬಂದು ಆ ಕಟ್ಟಡದ ವಾಚ್‌ಮನ್ ಆಗಿದ್ದ ಮಾಣಿಕಪ್ಪನಿಗೂ ಕೊಡಿಸಿದರು.

"ನಮಗ ಯಾರರ ಬಿಟ್ಟ ಹಳೇ ಟೀವಿ ಸಾಕ್ರಿ ಸಾಹೇಬ್ರ," ಎಂದು ಅವನು ಕೈ ಮುಗಿದಿದ್ದ. "ನಮ್ಮ ಮನಿಯಾಕಿ ಶಂಕ್ರಮ್ಮ ಒಲ್ಲೆ ಅಂತಾಳ."

"ಹುಚ್ಚಪ್ಪಾ, ಎರಡೂವರಿ ಸಾವಿರ ತಿರುಗಿ ಬರತೈತಿ. ಬರಲಿಲ್ಲಂದ್ರ ನನ್ನ ಕೇಳು," ಎಂದು ಕಾಶಿನಾಥರು ಎದೆ ತಟ್ಟಿಕೊಂಡಿದ್ದರು.

ನಾಲ್ಕೂ ಫಾರ್ಮನ್ನು ಅವರೇ ಮುತ್ತಿನಂಥ ಅಕ್ಷರದಲ್ಲಿ ತುಂಬಿದರು. ಬ್ಯಾಂಕ್ ಖಾತೆ ಬರೆಯುವ ಜಾಗ ಬಂದಾಗ ಮಾತ್ರ ಎಲ್ಲರೂ ಹಿಂದೆ ಸರಿದರು. "ನಂಬರ್ ಕೊಟ್ಟರ ಇದ್ದದ್ದೆಲ್ಲಾ ಗುಳುಂ ಮಾಡತಾರಂತ, ಪೇಪರ್‌ದಾಗ ದಿನಾ ಬರತೈತಿ. ನಿಮ್ಮದ ಹಾಕ್ರಿ," ಎಂದರು ಅಂಬಾದಾಸರಾಯರು. ಒಂದು ಖಾತೆಗೆ ಐದು ಫಾರ್ಮಿನವರೆಗೆ ನಡೆಯುತ್ತದೆ ಎಂದು ಹಿಂಬದಿಯಲ್ಲಿ ಬರೆದಿತ್ತು. ಕಾಶಿನಾಥರು ಅದನ್ನು ಎರಡು ಸಲ ಓದಿ, ನಾಲ್ಕಕ್ಕೂ ತಮ್ಮ ಖಾತೆ, ತಮ್ಮ ಮೊಬೈಲ್ ನಂಬರು ಹಾಕಿದರು. ಆಮೇಲೆ ಅರಿಷಿಣದ ಬಟ್ಟಲು ತಂದರು.

ತೊಂಬತ್ತನೆಯ ದಿನ ಎರಡನೇ ಶನಿವಾರ, ಸರಕಾರಿ ರಜೆ. ಕಾಶಿನಾಥರು ಚಹಾ ಕುಡಿಯುತ್ತ ಕೂತಿದ್ದಾಗ ಫೋನು ನಾಲ್ಕು ಸಲ ಟಿಣ್ ಎಂದಿತು. ನಾಲ್ಕು ಮೆಸೇಜು, ನಾಲ್ಕರಲ್ಲೂ ಒಂದೇ ಮಾತು: ನಿಮ್ಮ ಅರ್ಜಿ ತಿರಸ್ಕೃತವಾಗಿದೆ.

ಕಾಶಿನಾಥರಿಗೆ ಚಹಾ ನೆತ್ತಿಗೆ ಹತ್ತಿತು. ತಮ್ಮ ಅರ್ಜಿ? ತಿರಸ್ಕೃತ? ನಲಿನಿಗೆ ಕೇಳಿಸಬಾರದೆಂದು ಹೊರಗೆ ಮೆಟ್ಟಿಲ ಹತ್ತಿರ ನಿಂತು ಕಂಪನಿಗೆ ಫೋನು ಮಾಡಿದರು. ಒಂದು ಒತ್ತಿ ಎಂದಿತು, ಒತ್ತಿದರು. ನಾಲ್ಕು ಒತ್ತಿ ಎಂದಿತು, ಒತ್ತಿದರು. ಇಪ್ಪತ್ತೆರಡು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಹಿಂದಿಯಲ್ಲಿ ಸಿಕ್ಕಳು.

"ಸರ್, ಬಾರ್‌ಕೋಡ್ ಸ್ಕ್ಯಾನ್ ಆಗುತ್ತಿಲ್ಲ. ಅದರ ಮೇಲೆ ಹಳದಿ ಬಣ್ಣದ ಏನೋ ಪದಾರ್ಥ ಇದೆ. ಕೆಂಪೂ ಇದೆ. ಊಟ ಚೆಲ್ಲಿಕೊಂಡಿದ್ದೀರಾ ಸರ್?"

"ಊಟ ಅಲ್ಲಮ್ಮ."

"ಮತ್ತೆ ಏನು ಸರ್?"

ಏನೆಂದು ಹೇಳುವುದು? ಐವತ್ತನಾಲ್ಕು ವರ್ಷದ ಸೂಪರಿಂಟೆಂಡೆಂಟು, ಕಂಪನಿಯ ಫಾರ್ಮಿಗೆ ಅರಿಷಿಣ ಕುಂಕುಮ ಏರಿಸಿ ಕಳಿಸಿದೆ ಎನ್ನುವುದೆ? ಇನ್ನೊಮ್ಮೆ ಕಳಿಸಬಹುದೇ ಎಂದು ಮೆಲ್ಲಗೆ ಕೇಳಿದರು. ಬಾರ್‌ಕೋಡು ಒಂದೇ ಇರುತ್ತದೆ, ಒಂದೇ ಸಲ, ದಿನ ಶುಭವಾಗಿರಲಿ ಎಂದಳು ಹುಡುಗಿ. ಕಾಶಿನಾಥರ ಕಿವಿ ಕೆಂಪಾದವು. ಫೋನು ಇಟ್ಟುಬಿಟ್ಟರು.

ತಿರುಗಿದರೆ ಮಾಣಿಕಪ್ಪ ನಿಂತಿದ್ದ, ಕೈಯಲ್ಲಿ ಮೋಟರ್ ರೂಮಿನ ಕೀಲಿ.

"ಸಾಹೇಬ್ರ, ಕಂಪನಿಯವರ ಜೋಡಿ ಮಾತಾಡಾಕತ್ತಿದ್ರಿ ಅಲ್ರಿ?"

"ಹೂಂ."

"ನಮ್ದು ಬಂತೇನ್ರಿ?"

'ಇಲ್ಲಪ್ಪ' ಎನ್ನಲಿಕ್ಕೆ ಎಷ್ಟು ಹೊತ್ತು ಬೇಕು? ಅಂದುಬಿಟ್ಟಿದ್ದರೆ ಈ ಕತೆಯೂ ಇರುತ್ತಿರಲಿಲ್ಲ, ನನಗೂ ಬರೆಯುವ ಶ್ರಮ ಉಳಿಯುತ್ತಿತ್ತು. ಕಾಶಿನಾಥರು ಬಾಯಿ ತೆರೆದೂ ಇದ್ದರು. ಅಷ್ಟರಲ್ಲಿ ಮಾಣಿಕಪ್ಪ ತಾನೇ ಮುಂದುವರಿಸಿದ. "ಶಂಕ್ರಮ್ಮ ದಿನಾ ಬೈತಾಳ್ರಿ. 'ನಿನ್ನ ಸಾಹೇಬ ಫಾರ್ಮ್ ತುಂಬತಾನ, ಕಂಪನಿಯವರು ನಿನ್ನ ಬಾಯಾಗ ಮಣ್ಣು ತುಂಬತಾರ' ಅಂತಾಳ. ನಾ ಅಂದೀನ್ರಿ, ನಮ್ಮ ಸಾಹೇಬ್ರು ಬರದ ಕಾಗದ ದಿಲ್ಲಿಗೆ ಹ್ವಾದ್ರೂ ತಿರುಗಿ ಬರಂಗಿಲ್ಲ ಅಂತ."

"ಬಂತು," ಎಂದರು ಕಾಶಿನಾಥರು.

ಅಂದ ಮೇಲೆ ಅವರಿಗೇ ಗಾಬರಿಯಾಯಿತು. ಆದರೆ ಮಾಣಿಕಪ್ಪನ ಮುಖ ಆಗಲೇ ಅರಳಿಬಿಟ್ಟಿತ್ತು. ಅರಳಿದ ಮುಖವನ್ನು ಮುದುಡಿಸುವ ಧೈರ್ಯ ಕಾಶಿನಾಥರಿಗಿರಲಿಲ್ಲ. "ನಿಂದ್ರು, ತರತೀನಿ," ಎಂದು ಒಳಗೆ ಹೋದರು.

ರೊಕ್ಕ ಎಲ್ಲಿಂದ ತರುವುದು? ಮನೆಸಾಲದ ಕಂತು, ಮಗನ ಹಾಸ್ಟೆಲ್ ಫೀಸು ಸೇರಿ ತಿಂಗಳ ಮೊದಲ ವಾರದಲ್ಲೇ ಪಗಾರ ನುಂಗಿದ್ದವು. ಮನೆಯಲ್ಲಿದ್ದದ್ದು ಒಂದೇ ಗಂಟು. ಕಪಾಟಿನಲ್ಲಿ ನಲಿನಿಯ ಸೀರೆಗಳ ಕೆಳಗೆ ಒಂದು ಸ್ಟೀಲ್ ಡಬ್ಬಿ, ಅದರಲ್ಲಿ ಎಂಟು ಸಾವಿರ. ಅದು ಅವಳ ಹಲ್ಲಿನ ರೊಕ್ಕ. ಎರಡು ತಿಂಗಳಿಂದ ಅವಳು ಒಂದೇ ಕಡೆ ಅಗಿಯುತ್ತಿದ್ದಳು. ರಾತ್ರಿ ಲವಂಗ ಒತ್ತಿಕೊಂಡು ಮಲಗುತ್ತಿದ್ದಳು. ಸೋಮವಾರ ಹತ್ತು ಗಂಟೆಗೆ ಹಲ್ಲಿನ ಡಾಕ್ಟರು ಬರಹೇಳಿದ್ದರು. ಡಬ್ಬಿ ಎಲ್ಲಿದೆ ಎನ್ನುವುದು ಈ ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ನಲಿನಿ ಮಾಳಿಗೆಯ ಮೇಲೆ ಅರಿವೆ ಒಣಹಾಕಲು ಹೋಗಿದ್ದಳು. ಕಾಶಿನಾಥರು ತಮ್ಮ ಮನೆಯಲ್ಲೇ ಕಳ್ಳನ ಹಾಗೆ ತುದಿಗಾಲಲ್ಲಿ ಹೋಗಿ ಡಬ್ಬಿ ತೆಗೆದರು. ಸೋಮವಾರ ಬೆಳಿಗ್ಗೆ ಯಾರ ಹತ್ತಿರವಾದರೂ ಕೈಗಡ ತಂದು ಇಟ್ಟರಾಯಿತು, ಎಷ್ಟು ಮಾಡಿದರೂ ಎರಡೂವರೆ ಸಾವಿರ ತಾನೆ ಎಂದು ಸಮಾಧಾನ ಹೇಳಿಕೊಂಡರು. ಐನೂರರ ಐದು ನೋಟು ಮಾಣಿಕಪ್ಪನ ಕೈಗೆ ಹೋದವು. ಅವನು ಕಣ್ಣಿಗೊತ್ತಿಕೊಂಡು ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತ ಇಳಿದ.

"ಯಾರಿಗೂ ಹೇಳಬ್ಯಾಡೋ!" ಎಂದು ಕಾಶಿನಾಥರು ಕೂಗಿದ್ದು ಅವನಿಗೆ ಕೇಳಿಸಲಿಲ್ಲ.

ಹತ್ತು ನಿಮಿಷ ಆಗಿರಲಿಕ್ಕಿಲ್ಲ, ಬಾಗಿಲಲ್ಲಿ ಶಿವದೇವಿಯವರು. ಅವರು ಅಪಾರ್ಟ್‌ಮೆಂಟಿನ ಸೆಕ್ರೆಟರಿ. ಅವರಿಗೆ ತಿಳಿಯದಂತೆ ಆ ಕಟ್ಟಡದಲ್ಲಿ ಬೆಕ್ಕು ಮರಿ ಹಾಕುವಂತಿರಲಿಲ್ಲ.

"ಕಾಶಿನಾಥಣ್ಣಾರ, ವಾಚ್‌ಮನ್‌ಗ ಮೊದಲು, ಸೆಕ್ರೆಟರಿಗೆ ಆಮ್ಯಾಲೆ! ಇದ್ಯಾವ ಪದ್ಧತಿರಿ?"

"ನಿಮ್ದು ಅಕ್ಕಾರ... ಇನ್ನೂ ಪ್ರೊಸೆಸ್‌ದಾಗ ಐತಿ..."

"ನಾಲ್ಕೂ ಒಂದ ಲಕೋಟಿಯೊಳಗ ಕಳಿಸೀರಿ. ಅಂವಂದು ಪ್ರೊಸೆಸ್ ಆಗತೈತಿ, ನಂದು ಆಗಂಗಿಲ್ಲ?" ಶಿವದೇವಿಯವರು ಧ್ವನಿ ತಗ್ಗಿಸಿದರು. ಅವರು ಧ್ವನಿ ತಗ್ಗಿಸಿದರೆ ಜನ ಹೆಚ್ಚು ಹೆದರುತ್ತಿದ್ದರು. "ಖಾತೆ ನಿಮ್ದ ಅಲ್ರಿ ಅಣ್ಣಾರ? ನಾ ಏನೂ ಅನ್ನಂಗಿಲ್ಲ. ಆದ್ರ ನಾಕ ಮಂದಿ ನಾಕ ಮಾತು ಆಡತಾರ."

ಕಾಶಿನಾಥರು ಇಪ್ಪತ್ತಾರು ವರ್ಷದಲ್ಲಿ ಒಬ್ಬರ ಒಂದು ಕಪ್ ಚಹಾ ಮುಟ್ಟಿದವರಲ್ಲ. ಈಗ ಬಾರದ ರೊಕ್ಕ ತಿಂದ ಕಳ್ಳರಾಗುವ ಪ್ರಸಂಗ. ನಿಜ ಹೇಳೋಣವೆಂದರೆ, ಹಾಗಾದರೆ ಮಾಣಿಕಪ್ಪನಿಗೆ ಕೊಟ್ಟದ್ದೇನು ಎಂಬ ಪ್ರಶ್ನೆ ಬರುತ್ತದೆ. ಹಿಂದೆ ಹೋಗುವ ದಾರಿ ಮುಚ್ಚಿತ್ತು. ಇನ್ನೂ ಐದು ನೋಟು ಡಬ್ಬಿಯಿಂದ ಎದ್ದವು.

ಮೂರನೆಯವರು ಅಂಬಾದಾಸರಾಯರು. ರೈಲ್ವೆಯಲ್ಲಿ ಟಿಕೆಟ್ ಚೆಕ್ಕರಾಗಿ ನಿವೃತ್ತರಾದವರು; ಈಗಲೂ ಯಾರು ಏನು ಕೊಟ್ಟರೂ ಅದನ್ನೊಮ್ಮೆ, ಕೊಟ್ಟವರ ಮುಖವನ್ನೊಮ್ಮೆ ನೋಡುವುದು ಅವರ ಅಭ್ಯಾಸ. ನೋಟುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಕಾಶಿನಾಥರ ಮುಖವನ್ನೂ ಬೆಳಕಿಗೆ ಹಿಡಿದಂತೆಯೇ ನೋಡಿದರು.

"ಕಾಶಿನಾಥರಾವ್, ತೊಂಬತ್ತ ದಿನ ಇಟಗೊಂಡಾರ. ಬಡ್ಡಿ?"

"ಬಡ್ಡಿ ಕೊಡಂಗಿಲ್ರಿ ಅವರು."

"ಹಂಗೇನು? ಮೆಸೇಜ್ ತೋರಸ್ರಿ ನೋಡೂಣು."

"ಫೋನು ಒಳಗ ಚಾರ್ಜಿಂಗಿಗೆ ಹಾಕೀನ್ರಿ," ಎಂದರು ಕಾಶಿನಾಥರು. ಅವರ ಅಂಗಿಯ ಕಿಸೆಯಲ್ಲಿ ಫೋನು ಟಿಣ್ ಎಂದಿತು.

ಸುಳ್ಳು ಹೇಳಿ ರೂಢಿ ಇಲ್ಲದವರ ಹಣೆಬರಹ ಇದು. ಅಂಬಾದಾಸರಾಯರು ಕೈ ಚಾಚಿದರು. ಟಿಕೆಟ್ ಇಲ್ಲದವನ ಹಾಗೆ ಕಾಶಿನಾಥರು ಫೋನು ತೆಗೆದುಕೊಟ್ಟರು. ತೆರೆಯ ಮೇಲೆ ಕಂಪನಿಯ ಹೆಸರು, ಕೆಳಗೆ ಐದು ಹಳದಿ ನಕ್ಷತ್ರ. ನಮ್ಮ ಸೇವೆ ಹೇಗಿತ್ತು ಎಂದು ಕೇಳಿದ್ದರು, ಪುಣ್ಯಾತ್ಮರು.

"ಓಹೋಹೋ, ಐದು ಸ್ಟಾರ್ ಕೊಟ್ಟಾರ ನಿಮಗ!" ಎಂದರು ಅಂಬಾದಾಸರಾಯರು. ಅವರಿಗೆ ಪೂರಾ ನಂಬಿಕೆ ಬಂತು. ಬರುವಾಗ ಇದ್ದ ಮುಖ ಹೋಗುವಾಗ ಇರಲಿಲ್ಲ. ಅದನ್ನು ಮರಳಿ ಕೊಟ್ಟು, ತಮ್ಮ ಫೋನು ಕಿವಿಗಿಟ್ಟು ಯಾರಿಗೋ ಜೋರಾಗಿ ಇದನ್ನೇ ಹೇಳುತ್ತ ಇಳಿದು ಹೋದರು.

ಡಬ್ಬಿಯಲ್ಲಿ ಒಂದು ನೋಟು ಉಳಿದಿತ್ತು. ಅದನ್ನು ಸೀರೆಯ ಕೆಳಗೆ ತಳ್ಳಿ ಕಪಾಟು ಮುಚ್ಚುವಷ್ಟರಲ್ಲಿ ನಲಿನಿ ಖಾಲಿ ಬುಟ್ಟಿ ಹಿಡಿದು ಬಂದಳು.

"ಶಿವದೇವಕ್ಕ ಮಾಳಿಗಿಗೆ ಬಂದು ಹೇಳಿದರು, ಎಲ್ಲಾರದೂ ಬಂತಂತಲ್ರಿ? ನಮ್ದೂ ಬಂತೇನು?"

"ಹೂಂ. ಖಾತೇದಾಗ ಐತಿ."

"ಬರೋಬ್ಬರಿ ಆತು ನೋಡ್ರಿ. ಹಲ್ಲಿಗೆ ಕ್ಯಾಪ್ ಹಾಕಸಾಕ ಎರಡು ಸಾವಿರ ಕಡಿಮಿ ಬೀಳತಿತ್ತು. ನಿಮಗ ಹ್ಯಾಂಗ ಕೇಳೂದಂತ ಸುಮ್ನಿದ್ದೆ." ಅವಳು ನಗಲು ಹೋಗಿ ನೋವಿಗೆ ಕೆನ್ನೆ ಹಿಡಿದುಕೊಂಡಳು. "ನಾ ಅರಿಷಿಣದ ಬಗ್ಗೆ ಸುಮ್ಮಸುಮ್ಮನ ಅಂದೆ. ನೀವು ಮಾಡಿದ್ದ ಖರೆ."

ಕಾಶಿನಾಥರಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಇಷ್ಟು ನಾಚಿಕೆ ಅವರಿಗೆ ಶಾಲೆಯಲ್ಲಿ ಎಲ್ಲರ ಮುಂದೆ ಚಡ್ಡಿ ಹರಿದಾಗಲೂ ಆಗಿರಲಿಲ್ಲ. ಹೆಂಡತಿ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸ್ಕೂಟರ್ ಹತ್ತಿ ನೇರವಾಗಿ ನಾಚಾರಂಗೆ ಹೊಡೆದರು. ಕಂಪನಿಯವರ ಕೈಕಾಲು ಹಿಡಿದಾದರೂ ರೊಕ್ಕ ಬಿಡಿಸಿಕೊಂಡು, ಸಂಜೆಯೊಳಗೆ ಡಬ್ಬಿ ತುಂಬಿಸುವುದೆಂದು ನಿಶ್ಚಯಿಸಿದ್ದರು.

ನಾಚಾರಂನಲ್ಲಿ ಸಣ್ಣ ಕಾರ್ಖಾನೆಗಳ ಸಾಲಿನ ಹಿಂದೆ ಒಂದು ತಗಡಿನ ಗೋದಾಮು, ಅದರ ಮೂಲೆಯಲ್ಲಿ ಆಫೀಸು. ಮೇಜಿನ ಹಿಂದೆ ಕೂತಿದ್ದ ಯುವಕ ನಿತಿನ. ಕಾಶಿನಾಥರು ತೆಲುಗಿನಲ್ಲಿ ಶುರು ಮಾಡಿ, ಹಿಂದಿಗೆ ಹೊರಳಿ, ಸಂಕಟ ಹೆಚ್ಚಾದಾಗ "ಅಯ್ಯೋ ದೇವರ" ಎಂದರು.

"ಕನ್ನಡದವರೇನ್ರಿ? ನಮ್ದು ಹುಮನಾಬಾದ್," ಎಂದು ನಿತಿನ ಎದ್ದು ಕುರ್ಚಿ ಹಾಕಿದ. ಒಳಗೆ ಹೋಗಿ ಹುಡುಕಿ ನಾಲ್ಕು ಫಾರ್ಮು ತಂದ. ಸಾವಿರಾರು ಬಿಳಿ ಕಾಗದದ ನಡುವೆ ಅವನ್ನು ಹುಡುಕುವುದೇನೂ ಕಷ್ಟವಾಗಿರಲಿಲ್ಲ. ಮೇಜಿನ ಮೇಲಿಡುವ ಮೊದಲು ಅವನು ನಾಲ್ಕನ್ನೂ ಎರಡು ಕಣ್ಣಿಗೂ ಒತ್ತಿಕೊಂಡ. ಕಾಶಿನಾಥರಿಗೆ ಜೀವ ಬಂತು.

"ನಿಮಗ ತಿಳೀತಲ್ಲಪ್ಪ. ಇದು ಹೊಲಸಲ್ಲ, ಶುಭದ್ದು. ಸ್ವಲ್ಪ ಒರಸಿ ನೋಡ್ರಿ..."

"ಒರಸೀನ್ರಿ. ಉಗುಳ ಹಚ್ಚಿ ಒರಸೀನಿ, ಸ್ಪಿರಿಟ್ ಹಚ್ಚಿ ಒರಸೀನಿ. ಅಚ್ಚ ಅರಿಷಿಣ ಐತ್ರಿ, ಹೋಗಂಗಿಲ್ಲ. ನಮ್ಮವ್ವ ನೋಡಿದ್ರ ಎಲ್ಲಿಂದ ತಂದ್ರಿ ಅಂತ ಕೇಳತಿದ್ದಳು." ನಿತಿನ ನಿಟ್ಟುಸಿರು ಬಿಟ್ಟ. "ಮಶೀನು ಓದಲಿಲ್ಲಂದ್ರ ನನ್ನ ಕೈಯಾಗ ಏನೂ ಇಲ್ರಿ. ನಿಯಮ ಅಂದ್ರ ನಿಯಮ. ನೀವು ಸರಕಾರಿ ನೌಕರಿಯವರು, ನಿಮಗ ಹೇಳಬೇಕೇನ್ರಿ?"

ಹೇಳಬೇಕಾಗಿರಲಿಲ್ಲ. ಇದೇ ಮಾತನ್ನು ಕಾಶಿನಾಥರು ಎಷ್ಟು ಜನರಿಗೆ ಹೇಳಿ ಕಳಿಸಿರಬಹುದು! ಕಿವಿ ಕಾಣದ ಫೋಟೋದವನೊಬ್ಬ ಮೂರು ಸಲ ಬಂದು ಹೋಗಿದ್ದ, ಪಾಪ. ಅವನ ಮುಖ ಈಗ ಸ್ಪಷ್ಟವಾಗಿ ಕಣ್ಣ ಮುಂದೆ ಬಂದು ಅವರು ತಲೆ ತಗ್ಗಿಸಿದರು.

ನಿತಿನ ನಾಲ್ಕೂ ಫಾರ್ಮಿನ ಮೇಲೆ 'ರಿಜೆಕ್ಟೆಡ್' ಎಂದು ಕೆಂಪು ಮುದ್ರೆ ಒತ್ತಿ ಅವರ ಕೈಗೇ ಕೊಟ್ಟ. "ಒಯ್ರಿ ಸರ್. ಇಲ್ಲಿದ್ರ ಕಸಕ್ಕ ಹಾಕತಾರ. ಅರಿಷಿಣ ಕುಂಕುಮದ ಕಾಗದ, ನನಗ ಮನಸ್ಸ ಬರವಲ್ದು."

ಕಾಶಿನಾಥರು ನೇರವಾಗಿ ಮನೆಗೆ ಬರಲಿಲ್ಲ. ಎರಡು ಕಡೆ ಚಹಾ ಕುಡಿದರು, ಒಂದು ಕಡೆ ಗಿಡದ ಕೆಳಗೆ ಸ್ಕೂಟರ್ ನಿಲ್ಲಿಸಿ ಸುಮ್ಮನೆ ಕೂತರು. ಮನೆ ಮುಟ್ಟಿದಾಗ ಐದೂವರೆ. ಗೇಟಿನೊಳಗೆ ಕಾಲಿಟ್ಟವರು ಅಲ್ಲೇ ನಿಂತರು. ವಾಹನ ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಇಪ್ಪತ್ತು ಮೂವತ್ತು ಜನ. ತಮ್ಮ ಕಟ್ಟಡದವರು ಅರ್ಧ, ಪಕ್ಕದ ಕಟ್ಟಡದವರು ಅರ್ಧ. ಮುಂದಿನ ಸಾಲಿನಲ್ಲಿ ನಲಿನಿ, ಕೆನ್ನೆಗೆ ಸೆರಗು ಒತ್ತಿಕೊಂಡು. ಶಿವದೇವಿಯವರ ಕೈಯಲ್ಲೊಂದು ಶಾಲು.

"ಬರ್ರಿ ಬರ್ರಿ, ಕಾಶಿನಾಥಣ್ಣಾರ! ನಿಮಗ ಸಣ್ಣದೊಂದು ಸನ್ಮಾನ!"

"ಇಡೀ ಓಣಿಯೊಳಗ ಒಬ್ಬರಿಗೂ ಕಂಪನಿ ರೊಕ್ಕ ಕೊಟ್ಟಿಲ್ಲ," ಎಂದು ಅಂಬಾದಾಸರಾಯರು ಜನರಿಗೆ ಹೇಳುತ್ತಿದ್ದರು. "ಇವರು ತುಂಬಿದ ಫಾರ್ಮ್ ಒಂದೂ ಖಾಲಿ ಹೋಗಿಲ್ಲ. ಕಾಶಿನಾಥರಾವ್, ಇವತ್ತು ಮಧ್ಯಾಹ್ನ ನಿಮ್ಮ ಹೆಸರ ಮ್ಯಾಲ ಆರು ಮಂದಿ ಹೋಗಿ ಟೀವಿ ತಂದಾರ. ಆಫರ್ ಇನ್ನೂ ನಡದೈತಿ!"

ಹಿಂದಿನಿಂದ ಆರು ಜನ ಆರು ಫಾರ್ಮು ಎತ್ತಿ ತೋರಿಸಿದರು.

ಕಾಶಿನಾಥರು ಆ ಆರು ಕಾಗದ ಎಣಿಸಿದರು. ಇನ್ನು ಆರು ಮಂದಿಗೆ ಯಾರ ಹಲ್ಲಿನ ಡಬ್ಬಿ ಒಡೆಯುವುದು? ಸಾಕಪ್ಪ ಸಾಕು. ಮರ್ಯಾದೆ ಹೋದರೆ ಹೋಗಲಿ, ಒಂದೇ ಸಲ ಹೋಗಲಿ. ಕೊಟ್ಟ ರೊಕ್ಕವಾದರೂ ವಾಪಸು ಬರುತ್ತದೆ, ಸೋಮವಾರ ನಲಿನಿಯ ಹಲ್ಲಾದರೂ ಉಳಿಯುತ್ತದೆ. ಕಣ್ಣು ಮುಚ್ಚಿ, ತಣ್ಣೀರು ಸುರಿದುಕೊಳ್ಳುವವರ ಹಾಗೆ ಉಸಿರು ಬಿಗಿಹಿಡಿದು ಹೇಳಿಯೇಬಿಟ್ಟರು.

"ಕ್ಯಾಶ್‌ಬ್ಯಾಕ್ ಬಂದಿಲ್ರಿ. ನಾಲ್ಕೂ ಫಾರ್ಮ್ ರಿಜೆಕ್ಟ್ ಆಗ್ಯಾವ. ತಪ್ಪು ನಂದು. ಬಾರ್‌ಕೋಡಿಗೆ ನಾನ ಅರಿಷಿಣ ಹಚ್ಚಿ ಕೆಡಿಸೀನಿ."

ಮಾಣಿಕಪ್ಪ ಕಿಸೆ ತಟ್ಟಿಕೊಂಡು ನಕ್ಕ. "ಸಾಹೇಬ್ರು ಚಾಷ್ಟಿ ಮಾಡಾಕತ್ತಾರ್ರಿ. ಬರಲಾರದ್ದ ರೊಕ್ಕ ನನ್ನ ಕಿಸೇದಾಗ ಹ್ಯಾಂಗ ಕುಂತಾವ?"

"ಚಾಷ್ಟಿ ಅಲ್ಲೋ! ತಗೋರಿ, ನೋಡ್ರಿ!" ಕಾಶಿನಾಥರು ನಾಲ್ಕೂ ಫಾರ್ಮು ತೆಗೆದು ಅಂಬಾದಾಸರಾಯರ ಕೈಗೆ ತುರುಕಿದರು.

ಅಂಬಾದಾಸರಾಯರು ಕನ್ನಡಕ ಏರಿಸಿದರು. ಫಾರ್ಮು ನೋಡಿದರು, ಕಾಶಿನಾಥರ ಮುಖ ನೋಡಿದರು, ಮತ್ತೆ ಫಾರ್ಮು ನೋಡಿದರು. "ಹೌದು. ಕೆಂಪು ಸಿಕ್ಕಾ ಐತಿ. ನಾಲ್ಕೂ ರಿಜೆಕ್ಟ್." ನಿಧಾನವಾಗಿ ಜನರ ಕಡೆ ತಿರುಗಿದರು. "ಕೇಳಿದ್ರೇನ್ರಿ ಎಲ್ಲಾರೂ? ಕಂಪನಿಯವರು ರಿಜೆಕ್ಟ್ ಮಾಡಿ ಸಿಕ್ಕಾ ಹೊಡದಾರ. ಹೊಡದ ಮ್ಯಾಲೂ ಈ ಮನಶ್ಯಾ ರೊಕ್ಕ ಕಸಗೊಂಡು ಬಂದಾನ!"

ಜನ ಎದ್ದು ನಿಂತರು. ಸಲೀಸಾಗಿ ಪಾಸಾದ ಅರ್ಜಿಗೆ ರೊಕ್ಕ ತರುವುದು ಯಾವ ದೊಡ್ಡ ಮಾತು? ರಿಜೆಕ್ಟ್ ಆದದ್ದಕ್ಕೆ ತರುವವನು ಬೇಕು! ಎಲ್ಲರ ಮನೆಯಲ್ಲೂ ಅಂಥವು ಇದ್ದೇ ಇದ್ದವು. ಪಕ್ಕದ ಕಟ್ಟಡದ ಮೋಹನ ಫ್ರಿಜ್ಜಿನ ವಾರಂಟಿ ಕಾರ್ಡು ತರಲು ಓಡಿದ. ಸೂಗಮ್ಮನೆಂಬ ಮುದುಕಿ ಮೂರು ವರ್ಷದ ಹಿಂದೆ ಆಸ್ಪತ್ರೆಯ ವಿಮೆಯವರು ಮರಳಿ ಕಳಿಸಿದ ಕಾಗದದ ಗಂಟನ್ನೇ ತಂದು ಕಾಶಿನಾಥರ ಕಾಲ ಬಳಿ ಇಟ್ಟಳು. "ನಿನ್ನ ಕೈ ಮ್ಯಾಲಾಗಲಿ ತಮ್ಮಾ, ಇದೊಂದು ಮಾಡಿಕೊಡು," ಎಂದಳು.

"ಅಯ್ಯೋ ನನ್ನ ಮಾತು ಕೇಳ್ರಿ!" ಕಾಶಿನಾಥರ ಧ್ವನಿ ಅಳುವ ಹಾಗಾಗಿತ್ತು. "ಅದು ಕಂಪನಿ ರೊಕ್ಕ ಅಲ್ರಿ! ನನ್ನ ಮನಿ ರೊಕ್ಕ! ನಾಚಿಕಿಯಾಗಿ ನಾನ ಕೊಟ್ಟೀನ್ರಿ! ಏಳೂವರಿ ಸಾವಿರ, ನನ್ನ ಮನಿಯಿಂದ!"

ಈ ಮಾತಿಗೆ ಎದ್ದ ನಗು ಮೂರನೇ ಮಹಡಿಯವರೆಗೆ ಹೋಯಿತು.

"ನೋಡ್ರಿ ಕಾಶಿನಾಥರಾವ್," ಅಂಬಾದಾಸರಾಯರು ಕಣ್ಣೊರೆಸಿಕೊಂಡರು, "ಹೊಸ ಫಾರ್ಮ್ ತುಂಬಾಕ ಬ್ಯಾಸರಾದ್ರ ಬ್ಯಾಸರ ಅನ್ರಿ. ಇಂಥಾ ಮಾತು ಯಾರು ನಂಬಬೇಕು? ಇಪ್ಪತ್ತಾರು ವರ್ಷ ಸರಕಾರಿ ಕುರ್ಚಿ ಮ್ಯಾಲ ಕುಂತಾವ ತನ್ನ ಮನಿ ರೊಕ್ಕ ತಗದು ಮಂದಿಗೆ ಹಂಚಿದಾ ಅಂತ! ಅಷ್ಟು ಹುಚ್ಚ ಈ ಹೈದರಾಬಾದಿನಾಗ ಯಾವನರ ಅದಾನೇನ್ರಿ?"

"ಇಲ್ಲ ಇಲ್ಲ!" ಎಂದರು ಎಲ್ಲರೂ. ಮಾಣಿಕಪ್ಪ ಎಲ್ಲರಿಗಿಂತ ಜೋರಾಗಿ ಅಂದ. ತನ್ನ ಸಾಹೇಬರನ್ನು ಹುಚ್ಚರೆಂದರೆ ಅವನು ಸುಮ್ಮನಿರುವವನಲ್ಲ.

ಅಲ್ಲಿದ್ದ ಮೂವತ್ತು ಜನರಲ್ಲಿ ಒಬ್ಬರೂ ಕಾಶಿನಾಥರ ಮಾತು ನಂಬಲಿಲ್ಲ. ಒಬ್ಬಳನ್ನು ಬಿಟ್ಟು.

ನಲಿನಿ ನಗುತ್ತಿರಲಿಲ್ಲ. ಕೆನ್ನೆಯ ಮೇಲಿನ ಸೆರಗು ತೆಗೆದು, ಗಂಡನನ್ನೇ ದಿಟ್ಟಿಸಿ ನೋಡುತ್ತಿದ್ದಳು. ಆ ಗದ್ದಲದಲ್ಲಿ ಅವಳ ದನಿ ಕೇಳಿಸುವಂತಿರಲಿಲ್ಲ, ಆದರೆ ಕಾಶಿನಾಥರಿಗೆ ಅವಳ ತುಟಿ ಅಲುಗಿದ್ದು ಕಂಡಿತು.

"ಡಬ್ಬೀದೇನ್ರಿ?"

ಕಾಶಿನಾಥರು ತಲೆ ತಗ್ಗಿಸಿದರು. ನೆಲ ಬಿರಿದರೆ ಒಳಗೆ ಇಳಿದುಬಿಡುವವರ ಹಾಗೆ, ಗದ್ದ ಎದೆಗೆ ತಾಗುವಷ್ಟು ತಗ್ಗಿಸಿದರು.

"ಎಂಥಾ ವಿನಯ ನೋಡ್ರಿ!" ಎಂದು ಶಿವದೇವಿಯವರು ಆ ಬಾಗಿದ ಕತ್ತಿಗೆ ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು.